ಪೆಟ್ಟಿಗೆಯ ಗರ್ನಾಲು

ಬೆಳುವಾಯಿಯಲ್ಲಿ ಜೈನ ಧಣಿಗಳ ಬೀಡಿನ ಮುಂದಿರುವ ಗದ್ದೆಯಲ್ಲಿ ಬಲಿಪಾಡ್ಯದ ಸಂಜೆಗೆ ಒಂದು ಕ್ರಮವುಂಟು. ಹೊತ್ತು ಕಂತುತ್ತಿದ್ದ ಹಾಗೆ ಕೂಸಪ್ಪ ಬದುವಿನ ಮೇಲೆ ನಿಂತು ಬಲಿಯೇಂದ್ರನನ್ನು ಕರೆಯುವ ಪದ್ಯ ಎತ್ತಿಕೊಳ್ಳುತ್ತಾನೆ. ದಾನ ಕೊಟ್ಟು ರಾಜ್ಯ ಕಳೆದುಕೊಂಡ ಅರಸನಿಗೆ ವರ್ಷದಲ್ಲಿ ಒಂದು ದಿನ ಊರಿಗೆ ಬಂದುಹೋಗಲು ಕೊಡುವ ಅಪ್ಪಣೆ ಅದು. ಪದ್ಯ ಮುಗಿದ ಮೇಲೆ ಮೂರು ಬಾರಿ ಕೂ ಎಂದು ಕೂಗು. ಮೂರನೆಯ ಕೂಗು ಆಚೆಯ ಗುಡ್ಡೆಗೆ ಬಡಿದು ತಿರುಗಿ ಬರುವುದರೊಳಗೆ ಧಣಿಗಳು ಕೈದೀಪವನ್ನು ತಲೆಯ ಮಟ್ಟಕ್ಕೆ ಎತ್ತಿ, "ಗರ್ನಾಲಿನ ಹನೀಫಾ ಇದ್ದಾನೆಯೋ?" ಎಂದು ಕೇಳಬೇಕು. "ಇದ್ದೇನೆ ಧಣೀ" ಎಂದು ಹನೀಫಾ ಹೇಳಬೇಕು. ಹೇಳಿದ ಬಾಯಿ ಮುಚ್ಚುವ ಮೊದಲೇ ಅವನ ಕೈಯ ಬೆಂಕಿಕೋಲು ಕದೋನಿಗೆ ತಾಗಬೇಕು. ಗೇಣುದ್ದದ ಆ ಕಬ್ಬಿಣದ ಕೊಳವೆಯೊಳಗೆ ಜಡಿದ ಮದ್ದು ಢಂ ಎಂದು ಸಿಡಿದು ಗರ್ನಾಲು ಹಾರಿದ ಮೇಲೆಯೇ ಊರಿನ ಮನೆಗಳಲ್ಲಿ ದೀಪ ಹಚ್ಚುವುದು.

ಹೀಗೆ ಹೆಸರು ಹಿಡಿದು ಕರೆಸಿಕೊಂಡವರು ಹನೀಫಾನ ಅಜ್ಜ, ಆಮೇಲೆ ಅಪ್ಪ, ಆಮೇಲೆ ಹನೀಫಾ. ಬೀಡಿನಿಂದ ಐದು ಸೇರು ಅಕ್ಕಿ, ಎರಡು ತೆಂಗಿನಕಾಯಿ ಬರುತ್ತಿತ್ತು. ಅದು ಬರದಿದ್ದರೂ ಅವನು ಕೇಳುವವನಲ್ಲ. ನೂರಾರು ಜನರ ನಡುವೆ, ದೀಪ ಎತ್ತಿ, ಧಣಿಗಳ ಬಾಯಿಂದ ತನ್ನ ಹೆಸರು. ಅದಕ್ಕಾಗಿ ಅವನು ವರ್ಷವಿಡೀ ಕಾಯುತ್ತಿದ್ದ.

ಆ ಹೆಸರು ಅವನ ಕಿವಿಗೆ ಬಿದ್ದು ಹದಿನಾಲ್ಕು ವರ್ಷವಾಗಿತ್ತು. ಗರ್ನಾಲೇ ಅವನ ಎರಡೂ ಕಿವಿಗಳನ್ನು ತಿಂದಿತ್ತು. ಕಿವಿಗೆ ಮೆಷಿನ್ ಹಾಕಿದರೆ ತಲೆಯೊಳಗೆ ಬಸ್ಸಿನ ಕಂಡಕ್ಟರ್ ಸೀಟಿ ಊದಿದ ಹಾಗಾಗುತ್ತದೆ ಎಂದು ಅದನ್ನು ತೆಗೆದಿಟ್ಟಿದ್ದ. ಕೂಸಪ್ಪನ ಪದ್ಯ ಅವನಿಗೆ ಎಳವೆಯಿಂದ ಬಾಯಿಪಾಠ. ಕೂಸಪ್ಪನ ಗಂಟಲಿನ ನರ ಏರಿಳಿಯುವುದನ್ನು ನೋಡುತ್ತ ಯಾವ ಸಾಲು, ಯಾವ ಎಳೆತ ಎಂದು ಲೆಕ್ಕ ತಪ್ಪದೆ ಹಿಡಿಯುತ್ತಿದ್ದ. ಹಿರಿಯ ಧಣಿ ಅಜಿತಕುಮಾರರು ಅವನಿಗೋಸ್ಕರ ಹೆಸರನ್ನು ತುಟಿ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಗರ್ನಾಲು ಹಾರಿತೋ ಇಲ್ಲವೋ ಎಂದು ತಿಳಿಯಲು ಅವನಿಗೆ ಅಂಗಾಲು ಸಾಕಿತ್ತು. ಬರಿಗಾಲಲ್ಲಿ ನಿಲ್ಲುತ್ತಿದ್ದ. ನೆಲ ಒದೆಯುತ್ತಿತ್ತು.

ಆದರೆ ಊರಿನ ಕಿವಿ ಬೇರೆಯಾಗುತ್ತ ಬಂದಿತ್ತು. ಹಿಂದೆ ಬೆಳುವಾಯಿಯ ಗರ್ನಾಲು ಮೂಡುಬಿದಿರೆಗೆ ಕೇಳಿಸದಿದ್ದರೆ ಊರಿಗೆ ಅವಮಾನ. ಈಗ ಪಕ್ಕದ ಮನೆಗೆ ಕೇಳಿಸಿದರೆ ವಾಟ್ಸ್ಯಾಪಿನಲ್ಲಿ ದೂರು. ನಾಯಿ ಹೆದರುತ್ತದೆ, ಹೃದಯದ ರೋಗಿಗಳಿದ್ದಾರೆ, ಹೊಗೆ ಮೂರು ದಿನ ಗದ್ದೆಯಿಂದ ಏಳುವುದಿಲ್ಲ. ಹನೀಫಾ ವಾದಿಸಿದವನಲ್ಲ. ಇಪ್ಪತ್ತೊಂದು ಗರ್ನಾಲನ್ನು ಒಂಬತ್ತು ಮಾಡಿದ. ಬೀಡಿನ ಮೊಮ್ಮಗಳು ತ್ರಿಶಾಳಿಗೆ ದಮ್ಮು ಕಟ್ಟಿ ಮೂಗಿಗೆ ಹಬೆಯ ಮೆಷಿನ್ ಇಟ್ಟ ವರ್ಷ ತಾನಾಗಿಯೇ ಮೂರಕ್ಕೆ ಇಳಿಸಿದ. "ಒಂದು ಸಾಕು ಅಂದರೆ ಒಂದು. ಕರೆದದ್ದಕ್ಕೆ ಉತ್ತರ ಅಂತ ಒಂದು ಬೇಕಲ್ಲ," ಎನ್ನುತ್ತಿದ್ದ.

ಈ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಅಜಿತಕುಮಾರರು ತೀರಿಹೋದರು. ದೀಪ ಎತ್ತುವ ಕೈ ಮಗ ಆದೀಶನದಾಯಿತು.

ಆದೀಶ ಮೂಡುಬಿದಿರೆಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ನೇರವಾಗಿ ಹನೀಫಾನ ಹತ್ತಿರ ಬರಲಿಲ್ಲ. ಕಾರು ಹತ್ತಿ ಉಜಿರೆಗೆ ಹೋಗಿ ಅವನ ಮಗಳು ಶಿಫಾನಾಳನ್ನು ಕಂಡ. ಅವಳು ಅಲ್ಲಿ ಒಂದು ಶಾಲೆಯಲ್ಲಿ ಟೀಚರು. ವಾರವಿಡೀ ಅಲ್ಲೇ ಬಾಡಿಗೆ ಕೋಣೆ. ಶನಿವಾರ ಬೆಳ್ತಂಗಡಿ ದಾಟಿ ಊರಿಗೆ ಬಂದು ಬಾಪನಿಗೆ ಎರಡು ದಿನದ ಮೀನುಸಾರು ಮಾಡಿಟ್ಟು ಹೋಗುವಳು. ಅವಳೇ ಕಟ್ಟಿದ ನಾಲ್ಕು ಸಾಲಿನ ಪದ್ಯವನ್ನು ಆ ಶಾಲೆಯ ಮಕ್ಕಳೆಲ್ಲ ಕೈ ಮುಂದೆ ಚಾಚಿ ಹೇಳುತ್ತಿದ್ದರು. ಪಟಾಕಿ ಸುಡೆವು, ಹೊಗೆಯನು ಬಿಡೆವು ಎಂದು ಶುರುವಾಗುವ ಪ್ರತಿಜ್ಞೆ. ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಕಂಡರೂ ಸಾಕು, ಮಕ್ಕಳು ಕೂಗುತ್ತಿದ್ದರು. ಅದು ಅವಳಿಗೆ ಹೆಮ್ಮೆ.

"ಟೀಚರೇ, ನಿಮ್ಮ ಹತ್ರ ಬಿಟ್ಟು ಬೇರೆ ಯಾರ ಹತ್ರ ಹೇಳುವುದು?" ಎಂದ ಆದೀಶ. "ನಮಗಾದರೂ ದೀಪಾವಳಿ ಮಹಾವೀರ ಸ್ವಾಮಿ ಮೋಕ್ಷಕ್ಕೆ ಹೋದ ದಿನ. ಒಂದು ಹುಳ ಸಾಯಬಾರದು. ನಾವು ಮದ್ದು ಸುಡಿಸುವುದಾ? ಮಗು ಬೇರೆ ಹಾಗೆ. ಆದರೆ ಹನೀಫಾಕನಿಗೆ ಬೇಡ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ ಮಾರಾಯ್ರೆ."

ಮಾತು ಸರಿಯೇ ಇತ್ತು. ಬಾಪನ ಕೆಮ್ಮು ಅವಳಿಗೂ ಗೊತ್ತಿತ್ತು. ಅದಕ್ಕೇ ಆ ಉಪಾಯ ಅವಳ ಬಾಯಿಂದಲೇ ಬಂತು. "ಬಾಪನ ಗರ್ನಾಲಿನ ಶಬ್ದವನ್ನು ಒಮ್ಮೆ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆದೀಶಣ್ಣ. ಆ ದಿನ ಅದನ್ನೇ ಹಾಕುವ. ಬಾಪ ಖಾಲಿ ಕದೋನಿಗೆ ಬೆಂಕಿ ತಾಗಿಸಲಿ. ಹೊಗೆಯೂ ಇಲ್ಲ, ಕ್ರಮವೂ ತಪ್ಪಲಿಲ್ಲ."

ಆದೀಶ ಕೈ ತಟ್ಟಿ ನಕ್ಕ. "ನೀವು ಟೀಚರ್ ಆದದ್ದು ಸುಮ್ಮನೆ ಅಲ್ಲ ನೋಡಿ!"

"ಆದರೆ ಹೆಸರು ಕರೀಬೇಕು."

"ಅದು ಹೇಳ್ಬೇಕಾ? ಅವರ ಸ್ಥಾನ ಎಲ್ಲಿಗೆ ಹೋಗ್ತದೆ?"

ಶನಿವಾರ ಅವಳು ಬಾಪನ ಎದುರು ಕೂತು ತುಟಿ ಬಿಡಿಸಿ ಎಲ್ಲವನ್ನೂ ಹೇಳಿದಳು. ಅವನು ಕೇಳಿದ್ದು ಒಂದೇ. "ಹೆಸರು ಕರೀತಾರಾ?"

"ಕರೀತಾರೆ ಬಾಪಾ. ನಾನು ಮಾತು ತಗೊಂಡಿದ್ದೇನೆ."

"ನೀನು ತಗೊಂಡಿದ್ದಿ ಅಂದರೆ ಆಯ್ತು."

ಬಂಟ್ವಾಳದಿಂದ ಸೌಂಡಿನ ಶಾಫಿ ಬಂದ. ನವರಾತ್ರಿ ಮುಗಿದ ವಾರ, ಹಾಡುಹಗಲು, ಖಾಲಿ ಗದ್ದೆಯಲ್ಲಿ ಮೈಕು ನೆಟ್ಟ. ಹನೀಫಾ ಬಿಸ್ಮಿ ಹೇಳಿ ಕರಿಮದ್ದು ಸುರಿದ. ಮೇಲೆ ಇಟ್ಟಿಗೆಹುಡಿ ಹಾಕಿ, ಸರಳಿನಿಂದ ಜಡಿಜಡಿದು ಮೂರು ಕದೋನಿ ತುಂಬಿದ. ಮೊದಲನೆಯದರ ಸದ್ದು ಚೂರು ಒಡಕಾಯಿತು. ಎರಡನೆಯದು ಸರಿಯಾಯಿತು. ಮೂರನೆಯದು ಹಾರಿದಾಗ ಕೊಕ್ಕರೆಗಳೆಲ್ಲ ಒಂದೇ ಸಲ ಎದ್ದು ಹೋದವು. ಶಾಫಿ ಕಿವಿಯ ಹೆಡ್‌ಫೋನು ಕಿತ್ತು ತೆಗೆದು, "ಯಾ ಅಲ್ಲಾ, ಹನೀಫಾಕ!" ಎಂದು ಎದೆ ಹಿಡಿದುಕೊಂಡ. ಲ್ಯಾಪ್‌ಟಾಪಿನಲ್ಲಿ ಶಬ್ದದ ಗೆರೆ ತೋರಿಸಿದ. ಸಪಾಟು ಗೆರೆ, ನಡುವೆ ಒಮ್ಮೆಗೇ ಎದ್ದ ಶಿಖರ.

"ಇದಾ ನನ್ನದು?" ಹನೀಫಾ ಬಗ್ಗಿ ನೋಡಿದ. ಹದಿನಾಲ್ಕು ವರ್ಷದ ಮೇಲೆ ತನ್ನ ಗರ್ನಾಲನ್ನು ಕಂಡವನ ಮುಖ ಅದು. "ಗುಡ್ಡೆಯ ಹಾಗೆ ಉಂಟಲ್ಲ ಮಗಾ!"

ಉಳಿದ ಮದ್ದನ್ನು ಅವತ್ತೇ ಬಾವಿಕಟ್ಟೆಯ ಹತ್ತಿರ ನೀರು ಹೊಯ್ದು ಹಾಳು ಮಾಡಿದ. ಇನ್ನು ಬೇಕಾಗುವುದಿಲ್ಲವಲ್ಲ.

ಬಲಿಪಾಡ್ಯ ಬಂತು. ಹನೀಫಾ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿದ. ಖಾಲಿ ಕದೋನಿಗೆ ಎಣ್ಣೆ ಉಜ್ಜಿ ಕರ್ರಗೆ ಮಿಂಚಿಸಿದ. ಶಿಫಾನಾ ಹೆಂಗಸರ ಸಾಲಿನಲ್ಲಿ, ಹಿರಿಯ ಧಣಿಗಳ ಹೆಂಡತಿ ಪ್ರಭಾವತಿಯಮ್ಮನ ಪಕ್ಕದ ಕುರ್ಚಿಯಲ್ಲಿ ಕೂತಳು. ಟೀಚರೆಂದು ಅವಳಿಗೆ ಮುಂದಿನ ಸಾಲು.

ಸೌಂಡಿನ ಪೆಟ್ಟಿಗೆಗಳು ರಸ್ತೆಯ ಬದಿಯಲ್ಲಿ, ಪಿಕಪ್ ಗಾಡಿಯ ಮೇಲೆ, ಜನರ ಕಡೆ ಮುಖ ಮಾಡಿ ನಿಂತಿದ್ದವು. ಅವುಗಳಿಗೆ ಕರೆಂಟು ಕೊಡುವ ಡೀಸೆಲ್ ಜನರೇಟರನ್ನು ಅತಿಥಿಗಳಿಗೆ ತೊಂದರೆಯಾಗಬಾರದೆಂದು ಗದ್ದೆಯ ಆಚೆ ಮೂಲೆಗೆ ತಳ್ಳಿದ್ದರು. ಆ ಮೂಲೆ ಹನೀಫಾನ ಜಾಗ. ಅಜ್ಜನ ಕಾಲದಿಂದ ಕದೋನಿ ನೆಡುವುದು ಅಲ್ಲಿಯೇ. ಜನರೇಟರು ಕರಿಹೊಗೆ ಕಾರುತ್ತ ನಡುಗುತ್ತಿತ್ತು. ಅದರೊಂದಿಗೆ ನೆಲವೂ. ಹನೀಫಾ ಬರಿಗಾಲನ್ನು ಎತ್ತಿ ಎತ್ತಿ ಇಡುತ್ತಿದ್ದುದನ್ನು ಶಿಫಾನಾ ದೂರದಿಂದ ಕಂಡಳು. ಇರುವೆ ಕಚ್ಚಿರಬೇಕು ಎಂದುಕೊಂಡಳು. ಗಾಳಿ ಹೊಗೆಯನ್ನು ಇತ್ತ ತಳ್ಳಿದಾಗ ತ್ರಿಶಾ ಕೆಮ್ಮತೊಡಗಿದಳು. ತಾಯಿ ಅವಳನ್ನು ಎತ್ತಿಕೊಂಡು ಹೋಗಿ ಎ.ಸಿ. ಹಾಕಿದ ಕಾರಿನಲ್ಲಿ ಕೂರಿಸಿದಳು.

ಆದೀಶ ಮೈಕು ಹಿಡಿದು ಮಾತಾಡಿದ. ಹಸಿರು ದೀಪಾವಳಿ, ಹೊಸ ತಲೆಮಾರು, ಪ್ರಾಯೋಜಕರಿಗೆ ಧನ್ಯವಾದ. "ಇದರ ಹಿಂದೆ ಒಬ್ಬರ ತಲೆ ಉಂಟು. ಶಿಫಾನಾ ಟೀಚರ್, ಒಮ್ಮೆ ಎದ್ದು ನಿಲ್ಲಿ!" ಚಪ್ಪಾಳೆ ಬಿತ್ತು. ಅವಳು ಸೆರಗು ಸರಿಮಾಡಿಕೊಂಡು ಎದ್ದು ಕೈಮುಗಿದಳು. ಗದ್ದೆಯ ಆಚೆ ಮೂಲೆಯಲ್ಲಿ ಬಾಪನೂ ಬೆಂಕಿಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದ.

ಕೂಸಪ್ಪ ಪದ್ಯ ಎತ್ತಿದ. ಎಪ್ಪತ್ತು ದಾಟಿದ ಗಂಟಲು. ಮೊದಲೆರಡು ಸಾಲು ಗೊರಗೊರ ಎಂದರೂ ಆಮೇಲೆ ತಾನಾಗಿ ತೆರೆದುಕೊಂಡಿತು. ಮಾತಾಡುತ್ತಿದ್ದವರೂ ಸುಮ್ಮನಾದರು. ಹನೀಫಾ ಅವನ ಗಂಟಲನ್ನೇ ನೋಡುತ್ತಿದ್ದ, ತುಟಿ ಅಲುಗಿಸುತ್ತ, ಜೊತೆಗೆ ತಾನೂ ಹೇಳುತ್ತ. ಒಂದು ಕೂ. ಎರಡು. ಮೂರು. ಹನೀಫಾ ಬೆಂಕಿಕೋಲು ಹೊತ್ತಿಸಿಕೊಂಡು ಬೀಡಿನ ಕಡೆ ತಿರುಗಿ ನಿಂತ. ದೀಪ ಏಳುವುದನ್ನು ಕಾದ.

ದೀಪ ಏಳಲಿಲ್ಲ. ಆದೀಶನ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಫೋನು. ದೀಪ ಪೀಠದ ಮೇಲೆಯೇ ಇತ್ತು. ಅವನು ಪಕ್ಕಕ್ಕೆ ತಿರುಗಿ ಶಾಫಿಗೆ, "ಸಾಕು, ಇನ್ನು ಹಾಕು," ಎಂದ.

ಪೆಟ್ಟಿಗೆಯೊಳಗಿಂದ ಗರ್ನಾಲು ಹಾರಿತು. ಹನೀಫಾನದ್ದೇ, ಆ ಮೂರನೆಯದು. ನಿಜದ್ದಕ್ಕಿಂತ ಇಮ್ಮಡಿ. ಮಕ್ಕಳು ಕಿವಿ ಮುಚ್ಚಿಕೊಂಡರು. ಬಯಲೆಲ್ಲ ಓಹೋ ಎಂದಿತು.

ಮೂಲೆಯಲ್ಲಿ ಅವನು ಇನ್ನೂ ಕಾಯುತ್ತಿದ್ದ.

ಮಕ್ಕಳ ಕೈ ಕಿವಿಯ ಮೇಲಿದ್ದುದು ಅವನ ಕಣ್ಣಿಗೆ ಬಿದ್ದದ್ದು ತಡವಾಗಿ. ಕರೆದದ್ದು ತನಗೆ ಕಾಣಿಸಲಿಲ್ಲ, ಮೈಕು ಬಾಯಿಗೆ ಅಡ್ಡವಿತ್ತು ಎಂದುಕೊಂಡಿರಬೇಕು. "ಇದ್ದೇನೆ ಧಣೀ!" ಎಂದು ಗಟ್ಟಿಯಾಗಿ ಕೂಗಿ, ಬಗ್ಗಿ, ಬೆಂಕಿಯನ್ನು ಖಾಲಿ ಕದೋನಿಗೆ ತಾಗಿಸಿದ. ಏನೂ ಆಗಲಿಲ್ಲ. ಆಮೇಲೆ ಗಂಡಸರ ಸಾಲಿನಲ್ಲಿ ಯಾರೋ ಫಕ್ಕನೆ ನಕ್ಕರು.

ಅವನು ಮಕ್ಕಳನ್ನು ನೋಡಿದ. ಯಾರ ಕೈಯೂ ಕಿವಿಯ ಮೇಲಿರಲಿಲ್ಲ. ಕಾಲಡಿಯ ನೆಲ ಒಂದೇ ಸಮನೆ ನಡುಗುತ್ತಿತ್ತು, ಅದು ಏನೂ ಹೇಳಲಿಲ್ಲ. ಮತ್ತೆ ಬಗ್ಗಿ ತಾಗಿಸಿದ.

"ಸಾಯಿಬರೇ, ಬಲಿಯೇಂದ್ರ ಬಂದು ಊಟ ಮಾಡಿ ಹೊರಟಾಯ್ತು! ನೀವಿನ್ನೂ ಒಲೆ ಹೊತ್ತಿಸುದಾ?"

"ಶಾಫಿ, ಒಂದು ಬಿಡು ಮಾರಾಯ, ಪಾಪ! ಅವರು ತಿರುಗಿದಾಗ ಬಿಡು, ತಿರುಗಿದಾಗ!"

ಶಾಫಿ ಒಮ್ಮೆ ಆದೀಶನ ಮುಖ ನೋಡಿದ. ಆದೀಶ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ಹನೀಫಾ ಕೋಲು ಎತ್ತಿ ಜನರ ಕಡೆ ತಿರುಗಿದ್ದೇ ತಡ, ಶಾಫಿ ಗುಂಡಿ ಒತ್ತಿದ. ಢಂ! ಮಕ್ಕಳ ಕೈ ಕಿವಿಗೆ ಹೋಯಿತು. ಅದನ್ನು ಕಂಡು ಹನೀಫಾ ಗಡಬಡಿಸಿ ತಿರುಗಿ ಬೆಂಕಿ ತಾಗಿಸಿದ. ಆಗ ಸದ್ದಿಲ್ಲ. ಸೊಂಟ ನೆಟ್ಟಗೆ ಮಾಡಿದ. ಢಂ! ಮತ್ತೆ ಬಗ್ಗಿದ. ಸದ್ದಿಲ್ಲ. ಮಕ್ಕಳಿಗೆ ಆಟ ಗೊತ್ತಾಗಿಬಿಟ್ಟಿತು. ಸದ್ದು ಬರದಿದ್ದರೂ ಕಿವಿ ಮುಚ್ಚುವುದು, ಅವನು ಬಗ್ಗಿದ ಕೂಡಲೇ ಕೈ ಬಿಡುವುದು. ಅವನು ಮಕ್ಕಳ ಕೈಗಳನ್ನು ನಂಬಿ ಬಗ್ಗಿದ, ಎದ್ದ, ಬಗ್ಗಿದ. ಫೋನುಗಳು ಎದ್ದು ನಿಂತವು. ಬೆಳ್ಳನೆಯ ಅಂಗಿಯ ಮೇಲೆ ಜನರೇಟರಿನ ಮಸಿ ಕೂರುತ್ತಿತ್ತು.

ಶಿಫಾನಾ ಎದ್ದಳು. ಎರಡು ಹೆಜ್ಜೆ ಇಟ್ಟಳು. ಪ್ರಭಾವತಿಯಮ್ಮ ಅವಳ ಮುಂಗೈ ಹಿಡಿದು, "ಕೂತ್ಕೋ ಮಗಾ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಜನ ಖುಷಿಯಲ್ಲಿದ್ದಾರೆ. ನೋಡು, ಬಾಪನೂ ನಗ್ತಾ ಇದ್ದಾನೆ," ಎಂದರು. ಶಿಫಾನಾ ಕೂತಳು.

ನಿಜವಾಗಿ ಅವನು ನಗುತ್ತಿದ್ದ. ಇಷ್ಟು ಬಾಯಿಗಳು ಒಟ್ಟಿಗೆ ತೆರೆದದ್ದನ್ನು ಅವನು ಹಿಂದೆಯೂ ಕಂಡಿದ್ದ, ಇಪ್ಪತ್ತೊಂದು ಗರ್ನಾಲು ಸಾಲಾಗಿ ಹಾರುತ್ತಿದ್ದ ಕಾಲದಲ್ಲಿ. ಬೆವರು ಒರೆಸಿಕೊಂಡು, ಜನರ ಕಡೆಗೆ ಒಂದು ಕೈ ಎತ್ತಿ ತೋರಿಸಿದ. ಬಯಲು ಕೇಕೆ ಹಾಕಿತು.

"ಬೆಂಕಿ ಅಲ್ಲ ಮಾರಾಯ್ರೆ, ಬ್ಲೂಟೂತ್! ಕದೋನಿಯ ಬ್ಲೂಟೂತ್ ಆನ್ ಮಾಡಿ!"

ಆ ಮಾತಿಗೆ ಹೆಂಗಸರ ಸಾಲು ಬಿದ್ದುಬಿದ್ದು ನಕ್ಕಿತು. ಶಿಫಾನಾಳಿಗೂ ನಗು ಬಂತು. ತಡೆಯುವ ಮೊದಲೇ ಬಂದುಬಿಟ್ಟಿತು. ಬಾಯಿಗೆ ಕೈ ಹೋಯಿತು, ಹೆಗಲು ಕುಣಿಯಿತು. ಯಾರ ಮೆಚ್ಚುಗೆಗೂ ನಕ್ಕದ್ದಲ್ಲ ಅದು. ಮಾತು ತಮಾಷೆಯಾಗಿತ್ತು, ನಕ್ಕಳು. ಅಷ್ಟೇ.

ಕೊನೆಗೆ ಕೂಸಪ್ಪನೇ ಗದ್ದೆ ದಾಟಿ ಹೋಗಿ ಹನೀಫಾನ ಕೈಯಿಂದ ಕೋಲು ತೆಗೆದು ಕೆಸರಿಗೆ ಒತ್ತಿ ನಂದಿಸಿದ. ಊರಿನ ಮನೆಗಳಲ್ಲಿ ಆಗಲೇ ದೀಪ ಹಚ್ಚಿಯಾಗಿತ್ತು.

ಮನೆಗೆ ನಡೆಯುವ ದಾರಿಯಲ್ಲಿ ಹನೀಫಾ, "ಶಾಫಿಯ ಮೆಷಿನು ಮೊದಲು ಕೆಲಸ ಮಾಡ್ಲಿಲ್ಲ ಅಂತ ಕಾಣ್ತದೆ. ನಾನು ಬಿಡ್ಲಿಲ್ಲ. ಎಂಟೊಂಬತ್ತು ಹಾರಿರಬಹುದಲ್ಲ?" ಎಂದು ಕೇಳಿದ. ಶಿಫಾನಾ ಹೌದೆಂದು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಅವಳ ಶಾಲೆಯ ಗುಂಪಿನಲ್ಲೇ ಆ ವಿಡಿಯೋ ಬಂದಿತ್ತು. ಬಂಟ್ವಾಳದವರು, ಬೆಳ್ತಂಗಡಿಯವರು ಎಲ್ಲ ಹಂಚಿದ್ದರು. ಅವಳು ನೋಡಿ ಅಳಿಸಿದಳು. ಇನ್ನೊಂದು ಗುಂಪಿನಿಂದ ಮತ್ತೆ ಬಂತು. ಹನೀಫಾ ಚಹಾದ ಗ್ಲಾಸು ಹಿಡಿದು ಜಗಲಿಗೆ ಬಂದ. "ವಿಡಿಯೋ ಬಂದುಂಟಂತೆ, ಅಂಗಡಿಯಲ್ಲಿ ಕೈಸನ್ನೆ ಮಾಡಿ ಹೇಳಿದ್ರು. ಎಲ್ಲರೂ ನೋಡಿದ್ದಾರೆ. ನನಗೆ ತೋರಿಸು."

"ಸರಿಯಾಗಿ ಬರಲಿಲ್ಲ ಬಾಪಾ."

"ನನ್ನದಲ್ವಾ? ತೋರಿಸು."

ತೋರಿಸಿದಳು. ವಿಡಿಯೋ ತೆಗೆದವನು ಆದೀಶನ ಪಕ್ಕದಲ್ಲೇ ಇದ್ದವನು. ಮೊದಲು ಆದೀಶನ ಮುಖ, ಓರೆಯಿಂದ, ಹತ್ತಿರದಿಂದ. ಮೈಕು ಬಾಯಿಗೆ ಅಡ್ಡವಿರಲಿಲ್ಲ. ಹನೀಫಾ ಹುಬ್ಬು ಗಂಟಿಕ್ಕಿ ನೋಡಿದ.

"ಪುನಃ ಹಾಕು."

ಹಾಕಿದಳು.

"ಹಿರಿಯ ಧಣಿಗಳು ಹನೀಫಾ ಅಂತ ಕರೆಯುವಾಗ, ಫಾ ಅಂದಲ್ಲಿ ಕೆಳತುಟಿ ಮೇಲಿನ ಹಲ್ಲಿಗೆ ಒಮ್ಮೆ ತಾಗ್ತಿತ್ತು. ಅಲ್ಲಿಗೆ ನಾನು ಹೊರಡುದು." ಅವನ ದನಿ ಎಂದಿಗಿಂತ ಸಣ್ಣದಾಗಿತ್ತು. "ಇವನದ್ದು ತಾಗಲೇ ಇಲ್ಲ. ದೀಪವನ್ನೂ ಎತ್ತಲಿಲ್ಲ."

ವಿಡಿಯೋ ಓಡುತ್ತಿತ್ತು. ಅವನು ತಾನು ಬಗ್ಗುವುದನ್ನು, ಮಕ್ಕಳು ಕಿವಿ ಮುಚ್ಚುವುದನ್ನು, ತಾನು ಎದ್ದಾಗ ಹಲ್ಲು ಕಿಸಿಯುವ ಸಾಲುಗಳನ್ನು ನೋಡಿದ. ಶಬ್ದವಿಲ್ಲದ ಕಾರಣ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣಿಸಿತೋ ಏನೋ. ತಾನು ಕೈ ಎತ್ತಿ ತೋರಿಸಿದ ಜಾಗ ಬಂದಾಗ ಅವನ ಚಹಾದ ಗ್ಲಾಸು ಜಗಲಿಯ ಮೇಲೆ ಮೆಲ್ಲನೆ ಇಳಿಯಿತು. ಆಮೇಲೆ ಕ್ಯಾಮರಾ ಹೆಂಗಸರ ಸಾಲಿನ ಮೇಲೆ ಹರಿದುಹೋಯಿತು. ಅವನು ಬೆರಳು ಒತ್ತಿ ಚಿತ್ರ ನಿಲ್ಲಿಸಿದ. ಎಲ್ಲಿ ಒತ್ತಿದರೆ ನಿಲ್ಲುತ್ತದೆ ಎಂಬುದನ್ನು ಅವಳೇ ಕಲಿಸಿದ್ದಳು.

"ಇದು ನೀನಾ?"

ಬಾಯಿಗೆ ಕೈ ಅಡ್ಡ, ಕಣ್ಣು ಮುಚ್ಚಿಹೋಗುವಷ್ಟು ನಗು, ಪ್ರಭಾವತಿಯಮ್ಮನ ಹೆಗಲಿಗೆ ಒರಗಿದ ತಲೆ. ಅವಳಲ್ಲ ಎನ್ನುವಂತಿರಲಿಲ್ಲ.

"ಹೌದು ಬಾಪಾ."

"ನಿನಗೆ ಕೇಳಿಸ್ತಿತ್ತಲ್ಲ."

ಅಷ್ಟರಲ್ಲಿ ಫೋನಿನ ನೆತ್ತಿಯಲ್ಲಿ ಆದೀಶನ ಸಂದೇಶ ಬಂದು ಕೂತಿತು. ಹನೀಫಾನಿಗೆ ಕನ್ನಡ ಓದಲು ಬರುತ್ತಿತ್ತು, ಅಕ್ಷರದ ಕೆಳಗೆ ಬೆರಳಿಟ್ಟು, ನಿಧಾನವಾಗಿ. ಓದಿದ. "ಟೀಚರ್, ಸೂಪರ್ ಆಯ್ತು. ಇಷ್ಟು ಜನ ಯಾವ ವರ್ಷವೂ ನಗ್ಲಿಲ್ಲ. ಬರುವ ವರ್ಷವೂ ಹನೀಫಾಕ ಬರ್ಲೇಬೇಕು. ಇದೇ ಬಿಳಿ ಅಂಗಿ."

ಓದಿ ಮುಗಿಸಿ ಫೋನನ್ನು ಅವಳ ಮಡಿಲಲ್ಲಿಟ್ಟ. ಜಗಲಿಯ ಮೂಲೆಯಲ್ಲಿ ಎಣ್ಣೆ ಉಜ್ಜಿದ ಕದೋನಿ ಬೋರಲು ಬಿದ್ದಿತ್ತು. ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ.

"ಬರ್ತಾರೆ ಅಂತ ಬರೆ."

"ಬೇಡ ಬಾಪಾ. ನಾನು ಅವರ ಹತ್ರ ಮಾತಾಡ್ತೇನೆ. ಹೆಸರು—"

"ನೀನು ಮಾತಾಡಿದ್ದು ಸಾಕು." ಅವನು ಅವಳ ತುಟಿಯ ಕಡೆ ನೋಡುತ್ತಿರಲಿಲ್ಲ. ಹಾಗಾಗಿ ಅವಳು ಏನು ಹೇಳಿದರೂ ಅವನಿಗೆ ತಲುಪುವಂತಿರಲಿಲ್ಲ. "ನಾನು ಹೋಗ್ತೇನೆ. ಆ ಮೂಲೆ ಬಿಟ್ಟರೆ ನನಗೆ ನಿಲ್ಲಲಿಕ್ಕೆ ಬೇರೆ ಜಾಗ ಇಲ್ಲ. ನನಗೆ ಹೇಗೂ ಕೇಳಿಸುವುದಿಲ್ಲ, ತೊಂದರೆ ಇಲ್ಲ. ನೀನು ಬರಬೇಡ."

ಅಂಗಿಯ ಮಸಿ ಹೋಗುತ್ತದೋ ನೋಡುತ್ತೇನೆಂದು ಅವನು ಸೋಪು ಹಿಡಿದು ಬಾವಿಕಟ್ಟೆಗೆ ಹೋದ.

ಶಿಫಾನಾ ಮಡಿಲಿನ ಫೋನು ಎತ್ತಿಕೊಂಡು "ಬರ್ತಾರೆ" ಎಂದು ಬರೆದು ಕಳಿಸಿದಳು. ಆ ಕಡೆಯಿಂದ ಕೂಡಲೇ ಒಂದು ನಗುವ ಮುಖ ಬಂತು.